ಹೆರಿಗೆ ಎಲ್ಲಿ ಮಾಡಿಸೋಣ? ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಆಸ್ಪತ್ರೆಗಳ ಹೋಲಿಕೆ

ಕುಬುಸ ಮುಗಿಯಿತು ಅಂದರೆ ಮನೆಯಲ್ಲಿ ಮುಂದಿನ ಚರ್ಚೆ ಶುರು. ಹೆರಿಗೆ ಎಲ್ಲಿ? ತವರಿನವರು ತಮ್ಮೂರಿಗೆ ಹತ್ತಿರದ ಆಸ್ಪತ್ರೆ ಅನ್ನುತ್ತಾರೆ. ಗಂಡನ ಮನೆಯವರು ಪ್ರೈವೇಟ್ ಅನ್ನುತ್ತಾರೆ, ಇಲ್ಲವೇ ಖರ್ಚು ನೋಡಿ ಸರ್ಕಾರಿ ಸಾಕು ಅನ್ನುತ್ತಾರೆ. ಆಶಾ ಕಾರ್ಯಕರ್ತೆ ತಾಲೂಕು ಆಸ್ಪತ್ರೆಯ ಹೆಸರು ಹೇಳುತ್ತಾರೆ. ಹೆರುವವಳನ್ನು ಮಾತ್ರ ಎಷ್ಟೋ ಮನೆಗಳಲ್ಲಿ ಯಾರೂ ಕೇಳಿರುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಸುರಿಯಲ್ಲಿ ಅಪಾಯದ ಲಕ್ಷಣ ಇದ್ದರೆ ರಕ್ತ, ಆಪರೇಷನ್, ಮಗುವಿನ ಐಸಿಯು ಮೂರೂ ಇರುವ ಜಾಗಕ್ಕೇ ಹೋಗಬೇಕು. ಅಲ್ಲಿ ಬೇರೆ ಲೆಕ್ಕ ಇಲ್ಲ. ಅಪಾಯ ಇಲ್ಲದಿದ್ದರೆ, ಬ್ಯಾನಿ ತಿನ್ನುವ ಹೊತ್ತಿನಲ್ಲಿ ಆಕೆಯನ್ನು ಅಲ್ಲಿನವರು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದನ್ನೇ ಮುಂದಿಟ್ಟು ಆರಿಸಬೇಕು. ಕಟ್ಟಡ, ಎಸಿ ರೂಮು, ಬೋರ್ಡಿನ ಮೇಲಿನ ಡಿಗ್ರಿಗಳು ಆಮೇಲೆ.

ಇದು ಬರೀ ನನ್ನ ಅನಿಸಿಕೆ ಅಲ್ಲ. ಕೆನಡಾದ ಎಲೆನ್ ಹಾಡ್ನೆಟ್ ಎಂಬ ಸಂಶೋಧಕಿ 2002ರಲ್ಲಿ ಈ ವಿಷಯದ ಮೇಲೆ ಅಲ್ಲಿಯವರೆಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರು. ಹೆರಿಗೆ ಚೆನ್ನಾಗಿ ಆಯ್ತು ಅಂತ ಹೆಂಗಸಿಗೆ ಅನಿಸಲು ನಾಲ್ಕು ಕಾರಣ ಮುಖ್ಯವಾಗಿ ಕಂಡವು. ಆಕೆ ಮೊದಲು ಏನು ಅಂದುಕೊಂಡಿದ್ದಳು, ಪಕ್ಕದಲ್ಲಿ ನಿಂತು ಎಷ್ಟು ಆಸರೆ ಕೊಟ್ಟರು, ನರ್ಸು ಡಾಕ್ಟರು ಆಕೆಯ ಜೊತೆ ಹೇಗೆ ನಡೆದುಕೊಂಡರು, ನಿರ್ಧಾರ ಮಾಡುವಾಗ ಆಕೆಯನ್ನು ಕೇಳಿದರೋ ಇಲ್ಲವೋ. ನೋವು ಎಷ್ಟಿತ್ತು, ಕೋಣೆ ಹೇಗಿತ್ತು ಅನ್ನುವುದು ಇವುಗಳ ಮುಂದೆ ಸಣ್ಣದಾಯಿತು. ಬೈಗುಳ ತಿಂದು ಹೆತ್ತ ನಮ್ಮ ಕಡೆಯ ಯಾವ ಹೆಣ್ಣುಮಗಳನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ಬ್ಯಾನಿ ಮರೆತು ಹೋಗುತ್ತದೆ, ಬೈದ ಮಾತು ಮರೆಯುವುದಿಲ್ಲ.

ಮೊದಲು ತಾಯಿ ಕಾರ್ಡು ಬಿಚ್ಚಿ ನೋಡಿ

ಆಸ್ಪತ್ರೆಗಳನ್ನು ಹೋಲಿಸುವ ಮೊದಲು ಹೆರುವವಳ ಸ್ಥಿತಿ ನೋಡಬೇಕು. ಮೊದಲಿನ ಹೆರಿಗೆ ಸಿಸೇರಿಯನ್ ಆಗಿದೆಯಾ? ಅವಳಿ ಇದೆಯಾ? ಮಗು ಕಾಲು ಕೆಳಗೆ ಮಾಡಿಕೊಂಡಿದೆಯಾ? ಮಾಸು ಕೆಳಗಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಬಂದಿದೆಯಾ? ಬಿಪಿ, ಸಕ್ಕರೆ, ಫಿಟ್ಸ್, ಹೃದಯದ ತೊಂದರೆ ಇದೆಯಾ? ಹಿಂದಿನ ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿತ್ತಾ? ಇವುಗಳಲ್ಲಿ ಒಂದಿದ್ದರೂ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಡ, ಸಣ್ಣ ನರ್ಸಿಂಗ್ ಹೋಮೂ ಬೇಡ.

ನಮ್ಮ ಭಾಗದಲ್ಲಿ ಇವೆಲ್ಲಕ್ಕಿಂತ ಜಾಸ್ತಿ ಕಾಣುವುದು ರಕ್ತಹೀನತೆ. ಹಿಮೋಗ್ಲೋಬಿನ್ (ಎಚ್‌ಬಿ) 11ಕ್ಕಿಂತ ಕಡಿಮೆ ಇದ್ದರೆ ಬಸುರಿಯಲ್ಲಿ ರಕ್ತಹೀನತೆ ಅಂತ ಲೆಕ್ಕ. 7ಕ್ಕಿಂತ ಕೆಳಗಿದ್ದರೆ ತೀವ್ರ. ಹೊಲದಲ್ಲಿ ಬಾಗಿ ಸಸಿ ನಾಟಿ, ಹತ್ತಿ ಬಿಡಿಸಿ, ಮನೆಯಲ್ಲಿ ಎಲ್ಲರದೂ ಆದ ಮೇಲೆ ಉಣ್ಣುವ ಹೆಣ್ಣುಮಕ್ಕಳಿಗೆ ಇದು ಇಲ್ಲದಿದ್ದರೇ ಆಶ್ಚರ್ಯ. ಬೇರೆಯವರು ತಡೆದುಕೊಳ್ಳುವಷ್ಟೇ ರಕ್ತ ಹೋದರೂ ಇವರ ಜೀವಕ್ಕೆ ಕುತ್ತು ಬರುತ್ತದೆ. ಹಾಗಾಗಿ ಏಳನೇ ತಿಂಗಳಲ್ಲಿ ಎಚ್‌ಬಿ ಇನ್ನೂ ಎಂಟರ ಆಸುಪಾಸಿನಲ್ಲಿದ್ದರೆ ಎರಡು ಕೆಲಸ ಕೂಡಲೇ ಆಗಬೇಕು. ರಕ್ತನಾಳಕ್ಕೆ ಕೊಡುವ ಐರನ್ ಇಂಜೆಕ್ಷನ್ ಬೇಕಾ ಅಂತ ಡಾಕ್ಟರನ್ನು ಕೇಳಬೇಕು. ಹೆರಿಗೆಗೆ ರಕ್ತ ಸಿಗುವ ಆಸ್ಪತ್ರೆಯನ್ನೇ ಗೊತ್ತು ಮಾಡಬೇಕು.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಉಚಿತವಾಗಿ ನಡೆಯುತ್ತದೆ. 2016ರಿಂದ ಇದು ಇದೆ. ಪ್ರೈವೇಟಿನಲ್ಲಿ ತೋರಿಸುತ್ತಿದ್ದರೂ ಒಮ್ಮೆ ಆ ದಿನ ಹೋಗಿ ಬನ್ನಿ ಅನ್ನುತ್ತೇನೆ. ನಿಮ್ಮದು ಅಪಾಯದ ಬಸಿರೋ ಅಲ್ಲವೋ ಅಂತ ಇನ್ನೊಬ್ಬರ ಕಣ್ಣಲ್ಲೂ ನೋಡಿದ ಹಾಗಾಗುತ್ತದೆ. ಜೊತೆಗೆ ಆ ಆಸ್ಪತ್ರೆಯ ನಡೆ ನುಡಿಯೂ ಗೊತ್ತಾಗುತ್ತದೆ.

ನಮ್ಮ ಮುಂದೆ ಇರುವ ಜಾಗಗಳು

ಪ್ರಾಥಮಿಕ ಆರೋಗ್ಯ ಕೇಂದ್ರ ಹತ್ತಿರ, ಪರಿಚಯದ ಮುಖ, ಜನ ಕಡಿಮೆ. ಮೊದಲ ಹೆರಿಗೆ ಸಲೀಸಾಗಿ ಆದವಳಿಗೆ, ಎಚ್‌ಬಿ ಚೆನ್ನಾಗಿರುವವಳಿಗೆ ಇದು ಒಳ್ಳೆಯ ಜಾಗವೇ. ಆದರೆ ರಾತ್ರಿ ನರ್ಸು ಅಲ್ಲೇ ಇರುತ್ತಾರಾ ಅನ್ನುವುದು ಖಾತ್ರಿ ಇರಬೇಕು. ಬೋರ್ಡಿನ ಮೇಲೆ 24 ಗಂಟೆ ಅಂತ ಬರೆದಿದ್ದರೆ ಸಾಲದು. ಹೋದ ತಿಂಗಳು ಅಲ್ಲಿ ರಾತ್ರಿ ಹೆರಿಗೆ ಆಗಿದೆಯಾ ಅಂತ ಊರಲ್ಲಿ ಕೇಳಿದರೆ ಉತ್ತರ ಸಿಗುತ್ತದೆ. ಆಪರೇಷನ್ ಬೇಕಾದರೆ ಇಲ್ಲಿಂದ ಮುಂದೆ ಕಳಿಸಲೇಬೇಕು. ಲಿಂಗಸುಗೂರು, ದೇವದುರ್ಗ ಕಡೆಯ ಒಳಹಳ್ಳಿಗಳಿಂದ ಆ ಪ್ರಯಾಣ ಎಷ್ಟು ಹೊತ್ತಿನದು ಅಂತ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ.

ತಾಲೂಕು ಆಸ್ಪತ್ರೆ ಹೆಚ್ಚಿನವರಿಗೆ ಸರಿಹೊಂದುವ ನಡುವಿನ ದಾರಿ. ಸಿಂಧನೂರು, ಮಾನ್ವಿ, ಕುಷ್ಟಗಿ, ಸಿರುಗುಪ್ಪ, ಹೀಗೆ. ಕೊಪ್ಪಳ ಜಿಲ್ಲೆಯಲ್ಲಿ ಗಂಗಾವತಿಯ ಸರ್ಕಾರಿ ಆಸ್ಪತ್ರೆಗೆ ಕಾರಟಗಿ, ಕನಕಗಿರಿಯವರಷ್ಟೇ ಅಲ್ಲ, ಪಕ್ಕದ ಜಿಲ್ಲೆಯವರೂ ಬರುತ್ತಾರೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹೆರಿಗೆ ಡಾಕ್ಟರು, ಅರಿವಳಿಕೆ ಡಾಕ್ಟರು, ಮಕ್ಕಳ ಡಾಕ್ಟರು ಮೂವರೂ ಈಗ ಇದ್ದಾರಾ? ಹೆರಿಗೆ ಡಾಕ್ಟರು ಎಷ್ಟೇ ಒಳ್ಳೆಯವರಿದ್ದರೂ ಅರಿವಳಿಕೆ ಕೊಡುವವರು ರಜೆಯ ಮೇಲೆ ಹೋದರೆ ಆ ರಾತ್ರಿ ಸಿಸೇರಿಯನ್ ನಿಂತಂತೆ. ಕೊನೇ ಗಳಿಗೆಯಲ್ಲಿ ರಾಯಚೂರಿಗೆ ಹೋಗಿ ಅನ್ನುವುದಕ್ಕೆ ಇಂಥ ಕೊರತೆ ದೊಡ್ಡ ಕಾರಣ. ಸಿಂಧನೂರಿನಿಂದ ರಾಯಚೂರು ಸುಮಾರು ಎರಡು ತಾಸಿನ ದಾರಿ.

ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಅಂತಲೇ ಕರೆಯುವ ಬಿಎಂಸಿಆರ್‌ಸಿ. ಜೀವ ಉಳಿಸುವ ಶಕ್ತಿಯಲ್ಲಿ ನಮ್ಮ ಭಾಗದ ಸರ್ಕಾರಿ ಆಸ್ಪತ್ರೆಗಳಲ್ಲಿ ಇವೇ ಮುಂದು. ಸುತ್ತಲಿನ ತಾಲೂಕುಗಳ ಕಠಿಣ ಕೇಸುಗಳು ಬಂದು ಸೇರುವುದೂ ಇಲ್ಲಿಗೇ. ಅದಕ್ಕೇ ಗದ್ದಲ. ಮಂಚ ಸಾಲುವುದಿಲ್ಲ, ನರ್ಸುಗಳಿಗೆ ನಿಂತು ಮಾತಾಡಲು ಪುರುಸೊತ್ತಿರುವುದಿಲ್ಲ, ಕಲಿಯುವ ಹುಡುಗ ಹುಡುಗಿಯರು ಬಂದು ಬಂದು ಪರೀಕ್ಷೆ ಮಾಡುತ್ತಾರೆ. ಯಾರು ಪರೀಕ್ಷೆ ಮಾಡುತ್ತಿದ್ದಾರೆ, ಯಾಕೆ ಅಂತ ಕೇಳುವ ಹಕ್ಕು ಬಸುರಿಗೆ ಇದೆ. ಒಳಪರೀಕ್ಷೆ ಸುಮ್ನೆ ಸುಮ್ನೆ ಆಗಬಾರದು. ಬ್ಯಾನಿ ಸರಿಯಾಗಿ ಶುರುವಾದ ಮೇಲೆ ನಾಲ್ಕು ತಾಸಿಗೊಮ್ಮೆ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇನ್ನು ಪ್ರೈವೇಟ್. ಇಲ್ಲಿ ಮಾತು ಮೃದು, ಕೋಣೆ ಸ್ವಚ್ಛ, ಒಬ್ಬರೇ ಡಾಕ್ಟರು ಮೊದಲಿಂದ ಕೊನೆವರೆಗೆ ನೋಡುತ್ತಾರೆ. ಈ ಕೊನೆಯದು ನಿಜಕ್ಕೂ ದೊಡ್ಡ ಸಮಾಧಾನ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಖಾಸಗಿ ಆಸ್ಪತ್ರೆಯ ಹೆರಿಗೆಗಳಲ್ಲಿ ಶೇ 47.4 ಸಿಸೇರಿಯನ್, ಸರ್ಕಾರಿಯಲ್ಲಿ ಶೇ 14.3. ಕಠಿಣ ಕೇಸುಗಳು ಜಾಸ್ತಿ ಹೋಗುವುದು ದೊಡ್ಡ ಸರ್ಕಾರಿ ಆಸ್ಪತ್ರೆಗಳಿಗೆ. ಹಾಗಿದ್ದೂ ಇಷ್ಟು ಅಂತರ ಯಾಕೆ? ಎಲ್ಲವೂ ದುಡ್ಡಿಗಾಗಿ ಅಂತ ನಾನು ಹೇಳುವುದಿಲ್ಲ. ಬ್ಯಾನಿ ತಡೆಯಲಾರದೆ ಮನೆಯವರೇ ಆಪರೇಷನ್ ಮಾಡಿಬಿಡಿ ಅನ್ನುವುದೂ ಉಂಟು, ಒಳ್ಳೆ ನಕ್ಷತ್ರ ಕೇಳಿಕೊಂಡು ಬರುವುದೂ ಉಂಟು. ಆದರೆ ಎಂಟನೇ ತಿಂಗಳಲ್ಲೇ ಡಾಕ್ಟರನ್ನು ನೇರವಾಗಿ ಕೇಳಿ: ನಿಮ್ಮಲ್ಲಿ ಹತ್ತರಲ್ಲಿ ಎಷ್ಟು ನಾರ್ಮಲ್ ಆಗುತ್ತವೆ? ರಾತ್ರಿ ಬ್ಯಾನಿ ಬಂದರೆ ನೀವೇ ಬರುತ್ತೀರಾ? ರಕ್ತ ಎಲ್ಲಿಂದ ತರಿಸುತ್ತೀರಿ? ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾದರೆ ಎಲ್ಲಿಗೆ ಕಳಿಸುತ್ತೀರಿ? ಸಮಾಧಾನದಿಂದ ಉತ್ತರಿಸುವ ಡಾಕ್ಟರು ಹೆರಿಗೆ ಕೋಣೆಯಲ್ಲೂ ಸಮಾಧಾನದಿಂದಲೇ ಇರುವ ಸಾಧ್ಯತೆ ಹೆಚ್ಚು. ಪ್ರಶ್ನೆಗೇ ಸಿಡುಕುವವರ ಹತ್ತಿರ ಹೋಗಬೇಡಿ.

ಹೈದರಾಬಾದ್, ಹುಬ್ಬಳ್ಳಿ, ಬೆಂಗಳೂರಿಗೆ ಹೋಗುವವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೊಡ್ಡ ಕಾಯಿಲೆ ಇದ್ದರೆ ಹೋಗಲೇಬೇಕು. ಇಲ್ಲದಿದ್ದರೆ ಬಾಣಂತಿಯನ್ನು ಅಷ್ಟು ದೂರದಿಂದ ಕರೆತರುವ ತೊಂದರೆಯೇ ಹೆಚ್ಚು. ಗುಳೆ ಹೋದವರ ಮಾತು ಬೇರೆ. ಅವರು ತಾಯಿ ಕಾರ್ಡನ್ನು ಜೊತೆಗೇ ಒಯ್ಯಬೇಕು. ಊರಲ್ಲಿ ಬಿಟ್ಟು ಹೋದರೆ ಅಲ್ಲಿನ ಡಾಕ್ಟರಿಗೆ ಹಿಂದಿನದೇನೂ ತಿಳಿಯುವುದಿಲ್ಲ.

ಹೆರಿಗೆ ಕೋಣೆಯ ಒಳಗೆ

ನಿಜವಾದ ಹೋಲಿಕೆ ಆಗಬೇಕಾದ ಜಾಗ ಇದು. ಹೊರಗಿನಿಂದ ಕಾಣುವುದಿಲ್ಲ, ಆದ್ದರಿಂದ ಹೆತ್ತು ಬಂದವರನ್ನೇ ಕೇಳಬೇಕು. ಕೇಳುವುದಕ್ಕೂ ಒಂದು ರೀತಿ ಇದೆ. ಆಸ್ಪತ್ರೆಯ ವಾರ್ಡಿನಲ್ಲೇ, ಅತ್ತೆಯ ಎದುರಿಗೆ, ಮಗು ಮಡಿಲಲ್ಲಿರುವಾಗ ಕೇಳಿದರೆ ‘ಎಲ್ಲಾ ಚಲೋ ಆತ್ರಿ’ ಅನ್ನುತ್ತಾರೆ. ಕೂಸು ಉಳಿಯಿತು, ತಾನು ಉಳಿದೆ, ಇನ್ನೇನು ಬೇಕು ಅನ್ನುವ ಭಾವ ಅದು. ನಮ್ಮ ಹೆಣ್ಣುಮಕ್ಕಳು ಏನನ್ನೂ ಬಯಸದೇ ಹೋಗಿರುತ್ತಾರೆ, ಹಾಗಾಗಿ ಏನೂ ಕಡಿಮೆ ಆಯಿತು ಅಂತ ಅನಿಸುವುದಿಲ್ಲ. ಎರಡು ಮೂರು ತಿಂಗಳು ಬಿಟ್ಟು, ಆಕೆಯ ತವರಲ್ಲಿ, ಇಬ್ಬರೇ ಕೂತಾಗ ಕೇಳಿ. ಹೇಗಿತ್ತು ಅಂತ ಕೇಳಬೇಡಿ. ಏನೇನಾಯಿತು ಅಂತ ಕೇಳಿ.

ಒಳಗೆ ಯಾರನ್ನು ಬಿಟ್ಟರು, ಅಕ್ಕಾ? ಇದು ನನ್ನ ಮೊದಲ ಪ್ರಶ್ನೆ. ಹೆರುವವಳ ಜೊತೆ ಒಬ್ಬ ಹೆಂಗಸು ಇರಬಹುದು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. 2017ರಲ್ಲಿ ಶುರುವಾದ ‘ಲಕ್ಷ್ಯ’ ಕಾರ್ಯಕ್ರಮ ಸರ್ಕಾರಿ ಹೆರಿಗೆ ಕೋಣೆಗಳ ಗುಣಮಟ್ಟಕ್ಕೆಂದೇ ಬಂದದ್ದು. ಜೊತೆಗಾತಿ, ಪರದೆ, ಮರ್ಯಾದೆಯ ನಡವಳಿಕೆ ಎಲ್ಲಾ ಅದರಲ್ಲಿ ಸೇರಿವೆ. ಹಲವು ದೇಶಗಳಲ್ಲಿ ನೋಡಿದ ಮೇಲೆ ತಿಳಿದದ್ದು, ಹೆರಿಗೆಯುದ್ದಕ್ಕೂ ಒಬ್ಬರು ಪಕ್ಕದಲ್ಲಿದ್ದರೆ ಬ್ಯಾನಿಯ ಹೊತ್ತು ಕಡಿಮೆಯಾಗುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ. ನಮ್ಮ ಸೂಲಗಿತ್ತಿಯರು ಇದನ್ನೇ ಅಲ್ವಾ ಮಾಡುತ್ತಿದ್ದುದು? ಬೆನ್ನು ತಿಕ್ಕುತ್ತಿದ್ದರು, ಬಿಟ್ಟು ಏಳುತ್ತಿರಲಿಲ್ಲ. ಆಸ್ಪತ್ರೆಗೆ ಬಂದ ಮೇಲೆ ರಕ್ತ, ಔಷಧ, ಡಾಕ್ಟರು ಸಿಕ್ಕರು. 2019-21ರ ಹೊತ್ತಿಗೆ ಕರ್ನಾಟಕದಲ್ಲಿ ಶೇ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿತ್ತು. ಬೆನ್ನು ತಿಕ್ಕುವ ಆ ಕೈ ಮಾತ್ರ ಬಾಗಿಲ ಹೊರಗೆ ಉಳಿಯಿತು. ತಾಯಿಯನ್ನೋ ಅಕ್ಕನನ್ನೋ ಒಳಗೆ ಬಿಡುವ ಆಸ್ಪತ್ರೆ ಮತ್ತು ಬಿಡದ ಆಸ್ಪತ್ರೆ, ಉಳಿದದ್ದೆಲ್ಲ ಒಂದೇ ಇದ್ದರೆ, ನಾನು ಕಣ್ಣುಮುಚ್ಚಿ ಮೊದಲನೆಯದನ್ನು ಆರಿಸುತ್ತೇನೆ.

ಎರಡನೆಯದು ಬೈಗುಳ. ‘ಆವಾಗ ನಗ್ತಿದ್ದಿ, ಈಗ ಯಾಕ ಅಳ್ತಿ’ ಅನ್ನುವ ಮಾತು ಯಾವ ಹೆಂಗಸಿಗೆ ಹೊಸದು? ತೊಡೆಗೆ ಹೊಡೆಯುವುದು, ಕೂಗಬೇಡ ಅಂತ ಗದರಿಸುವುದು, ಜಾತಿ ಕೇಳಿ ದೂರ ಮಾಡುವುದು, ಎಷ್ಟನೇದು ಇದು ಅಂತ ಹಂಗಿಸುವುದು. ಇವು ಸಣ್ಣ ವಿಷಯ ಅಲ್ಲ. ಹೆರಿಗೆಯ ಹೊತ್ತಿನ ಅವಮಾನ ಮತ್ತು ಹಿಂಸೆ ಮಹಿಳೆಯ ಹಕ್ಕಿನ ಉಲ್ಲಂಘನೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿಕೆ ಹೊರಡಿಸಿದೆ. ಒಮ್ಮೆ ಬೈಸಿಕೊಂಡವಳು ಮುಂದಿನ ಸಲ ಬ್ಯಾನಿ ತಡೆದುಕೊಂಡು ಮನೆಯಲ್ಲೇ ಕೂರುತ್ತಾಳೆ, ತಡವಾಗಿ ಬರುತ್ತಾಳೆ. ಅಲ್ಲಿಂದಲೇ ಅಪಾಯ. ಇಷ್ಟೂ ಹೇಳಬೇಕು: ರಾತ್ರಿಯಿಡೀ ಒಬ್ಬಳೇ ಎಷ್ಟೋ ಹೆರಿಗೆ ನೋಡುವ ನರ್ಸಿನ ದಣಿವು ನನಗೆ ಅರ್ಥವಾಗುತ್ತದೆ. ಅದೇ ಗದ್ದಲದಲ್ಲಿ ‘ಇನ್ನೇನು ಆತವ್ವ, ಸ್ವಲ್ಪ ಧೈರ್ಯ ತಗೋ’ ಅನ್ನುವ ಸಿಸ್ಟರೂ ಇದ್ದಾರೆ. ಅಂಥವರ ಹೆಸರು ಊರೂರಿಗೂ ಗೊತ್ತಿರುತ್ತದೆ.

ಮೂರನೆಯದು ಕೇಳಿ ಮಾಡಿದರೋ, ಕೇಳದೆ ಮಾಡಿದರೋ. ಬ್ಯಾನಿ ಬರುವ ಇಂಜೆಕ್ಷನ್ ಯಾಕೆ ಕೊಟ್ಟರು ಅಂತ ಹೇಳಿದರಾ? ಕೆಳಗೆ ಕತ್ತರಿಸಿ ಹೊಲಿಗೆ ಹಾಕುವುದನ್ನು ಕೆಲವು ಕಡೆ ಮೊದಲ ಹೆರಿಗೆಯವರಿಗೆಲ್ಲ ರೂಢಿಯಂತೆ ಮಾಡುತ್ತಾರೆ. ಎಲ್ಲರಿಗೂ ಅದು ಬೇಕಿಲ್ಲ. ಹೊಲಿಗೆ ಹಾಕುವಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ ಹಾಕಬೇಕು. ಮಗು ಬರಲಿ ಅಂತ ಹೊಟ್ಟೆಯ ಮೇಲೆ ಕೈಯಿಟ್ಟು ಬಲವಾಗಿ ಒತ್ತುವುದು ಬೇಡ. 2018ರ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳಲ್ಲಿ ಇದು ಸ್ಪಷ್ಟವಾಗಿದೆ. ಅಪಾಯ ಇಲ್ಲದವಳು ಬ್ಯಾನಿಯ ನಡುವೆ ಓಡಾಡಬಹುದು, ನೀರು ಕುಡಿಯಬಹುದು, ಗಂಜಿ ಕುಡಿಯಬಹುದು ಅಂತಲೂ ಅದರಲ್ಲೇ ಇದೆ. ಬೇಸಿಗೆಯ ರಾಯಚೂರಿನಲ್ಲಿ ಬಾಯಿ ಒಣಗಿಸಿಕೊಂಡು ಮಲಗಿಸಿಡುವುದು ಎಂಥ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು.

ಮಗು ಹುಟ್ಟಿದ ಕೂಡಲೇ ಎದೆಯ ಮೇಲೆ ಹಾಕಿದರಾ, ಒಂದು ತಾಸಿನೊಳಗೆ ಹಾಲು ಕುಡಿಸಲು ಸಹಾಯ ಮಾಡಿದರಾ? ಪ್ರೈವೇಟಿನಲ್ಲಿ ಇದನ್ನು ಖಂಡಿತ ಕೇಳಬೇಕು. ಸಿಸೇರಿಯನ್ ಆದವಳಿಗೆ ಹಾಲು ಬಂದಿಲ್ಲ ಅಂತ ಪುಡಿ ಹಾಲಿನ ಡಬ್ಬಿ ಬರೆದುಕೊಡುವ ರೂಢಿ ಕೆಲವು ಕಡೆ ಇದೆ. ಆಮೇಲೆ ಶೌಚಾಲಯ. ಹಸಿ ಬಾಣಂತಿ ಎಷ್ಟು ದೂರ ನಡೆಯಬೇಕು, ಬಾಗಿಲಿಗೆ ಚಿಲಕ ಇದೆಯಾ, ನೀರು ಬರುತ್ತದಾ. ಇದನ್ನು ನೋಡಲು ಯಾರ ಅನುಮತಿಯೂ ಬೇಡ, ತಪಾಸಣೆಗೆ ಹೋದ ದಿನವೇ ನೋಡಿಕೊಂಡು ಬನ್ನಿ.

ದುಡ್ಡಿನ ಲೆಕ್ಕ

2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ತಪಾಸಣೆ, ರಕ್ತ ಎಲ್ಲವೂ ಉಚಿತ. ನಾರ್ಮಲ್ ಆದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನದವರೆಗೆ ಊಟವೂ ಉಚಿತ. ಬರುವ ಗಾಡಿ, ಬೇರೆ ಆಸ್ಪತ್ರೆಗೆ ಕಳಿಸುವ ಗಾಡಿ, ಮನೆಗೆ ಬಿಡುವ ಗಾಡಿಗೂ ದುಡ್ಡು ಇಲ್ಲ. ಜನನಿ ಸುರಕ್ಷಾ ಯೋಜನೆಯಲ್ಲಿ ಬಿಪಿಎಲ್, ಪರಿಶಿಷ್ಟ ಜಾತಿ ಮತ್ತು ಪಂಗಡದ ತಾಯಂದಿರಿಗೆ ಹಳ್ಳಿಯವರಾದರೆ 700, ಪಟ್ಟಣದವರಾದರೆ 600 ರೂಪಾಯಿ ಬರುತ್ತದೆ.

ಕಾಗದದ ಮೇಲೆ ಹೀಗೆ. ಆದರೆ ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ ‘ಖುಷಿ’ ಕೇಳುವುದು ಎಷ್ಟು ಜನರ ಅನುಭವ! ಕೂಸಿನ ಮುಖ ತೋರಿಸಲು, ತಳ್ಳುಗಾಡಿ ನೂಕಲು, ಬಟ್ಟೆ ಬದಲಿಸಲು ಕೈ ಚಾಚುತ್ತಾರೆ. ಮೊತ್ತಕ್ಕಿಂತ ಆ ಕ್ಷಣದ ಸಂಕಟ ದೊಡ್ಡದು. ಹೆಣ್ಣು ಹೆತ್ತವಳ ಎದುರಿಗೇ ದರ ಇಳಿಸಿ ಕೇಳುವುದಕ್ಕಿಂತ ಕ್ರೂರ ಮಾತು ಇನ್ನೊಂದಿಲ್ಲ. ಆ ಆಸ್ಪತ್ರೆಯಲ್ಲಿ ಹೆತ್ತವರನ್ನು ಇದನ್ನೂ ಬಿಚ್ಚಿ ಕೇಳಿ. ಕೇಳಿದರೆ ಕೊಡಬೇಡಿ, ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ, ಆಸ್ಪತ್ರೆಯ ಮುಖ್ಯಸ್ಥರಿಗೆ ಬರೆದುಕೊಡಿ.

ಪ್ರೈವೇಟಿನವರು ದರಪಟ್ಟಿಯನ್ನು ಕಾಣುವ ಹಾಗೆ ಹಾಕಬೇಕು ಅಂತ ಕಾನೂನಿದೆ. ನಾರ್ಮಲ್‌ಗೆ ಎಷ್ಟು, ಸಿಸೇರಿಯನ್‌ಗೆ ಎಷ್ಟು, ಅದರಲ್ಲಿ ಔಷಧ, ಅರಿವಳಿಕೆ ಡಾಕ್ಟರು, ಮಕ್ಕಳ ಡಾಕ್ಟರು ಸೇರಿದ್ದಾರಾ ಅಂತ ಬರೆಸಿಕೊಳ್ಳಿ. ಮಗುವಿನ ಐಸಿಯು ದಿನದ ಲೆಕ್ಕದಲ್ಲಿ ಏರುತ್ತದೆ. ಚಿನ್ನ ಅಡವಿಡುವ ಪ್ರಸಂಗ ಬರುವುದು ಹೆಚ್ಚಾಗಿ ಅಲ್ಲೇ.

ಬಳ್ಳಾರಿಯ ಭಯ

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಕೆಲವೇ ವಾರಗಳಲ್ಲಿ ತೀರಿಕೊಂಡರು. ಅವರಿಗೆ ರಕ್ತನಾಳಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ದ್ರಾವಣದ ಮೇಲೆ ಅನುಮಾನ ಬಂತು. ಅದನ್ನು ತಯಾರಿಸಿದ ಕಂಪನಿಯ ದ್ರಾವಣ ಬಳಸುವುದನ್ನು ಸರ್ಕಾರ ನಿಲ್ಲಿಸಿತು. ಅಂದಿನಿಂದ ಸರ್ಕಾರಿ ಆಸ್ಪತ್ರೆ ಬೇಡವೇ ಬೇಡ ಅನ್ನುವವರಿದ್ದಾರೆ. ಆ ಭಯ ನ್ಯಾಯವಾದದ್ದು. ಡ್ರಿಪ್ ಬಾಟಲಿಯಲ್ಲಿ ಏನಿದೆ ಅಂತ ಯಾವ ಬಾಣಂತಿ ಪರೀಕ್ಷೆ ಮಾಡಲು ಆಗುತ್ತದೆ? ಅದು ಸರ್ಕಾರದ ಹೊಣೆ, ಆ ತಾಯಂದಿರ ಮನೆಯವರಿಗೆ ಉತ್ತರ ಸಿಗಲೇಬೇಕು.

ಆದರೂ ಎಚ್‌ಬಿ ಆರು ಇರುವವಳನ್ನು, ಬಿಪಿ ಏರಿದವಳನ್ನು ರಕ್ತವೇ ಇಲ್ಲದ ಸಣ್ಣ ನರ್ಸಿಂಗ್ ಹೋಮಿಗೆ ಒಯ್ಯುವುದು ಇನ್ನೂ ದೊಡ್ಡ ಅಪಾಯ. ಎಲ್ಲೇ ಸಿಸೇರಿಯನ್ ಆಗಲಿ, ಆಮೇಲಿನ ಎರಡು ದಿನ ಜೊತೆಯಲ್ಲಿರುವವರು ಎಚ್ಚರದಿಂದ ನೋಡಬೇಕು. ಉಚ್ಚೆ ಕಡಿಮೆಯಾದರೆ, ಉಸಿರಿಗೆ ಕಷ್ಟವಾದರೆ, ಚಳಿಜ್ವರ ಬಂದರೆ, ಬಟ್ಟೆ ಮೇಲಿಂದ ಮೇಲೆ ತೊಯ್ದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ಆಗ ಬೈದರೂ ಚಿಂತೆಯಿಲ್ಲ, ಮತ್ತೆ ಕರೆಯಿರಿ.

ಹಾಗಾದರೆ ಯಾವುದು?

ಎರಡನೇ ಹೆರಿಗೆ, ಮೊದಲನೆಯದು ನಾರ್ಮಲ್, ಎಚ್‌ಬಿ ಹನ್ನೊಂದು ದಾಟಿದೆ, ಊರ ಹತ್ತಿರದ ಕೇಂದ್ರದಲ್ಲಿ ಒಳ್ಳೆ ನರ್ಸು ಇದ್ದಾರೆ, ತಾಲೂಕು ಆಸ್ಪತ್ರೆಗೆ ಅರ್ಧ ತಾಸು. ಅಲ್ಲೇ ಆಗಲಿ. ಮೊದಲ ಹೆರಿಗೆ, ತೊಂದರೆ ಏನಿಲ್ಲ. ಮೂವರು ಡಾಕ್ಟರೂ ಇರುವ ತಾಲೂಕು ಆಸ್ಪತ್ರೆ ನನ್ನ ಆಯ್ಕೆ. ಒಳಗೆ ಅಮ್ಮನನ್ನು ಬಿಡುವ, ನಾರ್ಮಲ್‌ಗೆ ಕಾಯುವ ಪ್ರೈವೇಟ್ ಡಾಕ್ಟರು ಸಿಕ್ಕರೆ, ಸಾಲ ಮಾಡದೆ ದುಡ್ಡು ಹೊಂದುವಂತಿದ್ದರೆ ಅದೂ ಸರಿ. ಹಿಂದೆ ಸಿಸೇರಿಯನ್ ಆದವಳಿಗೆ ಮತ್ತೆ ಸಿಸೇರಿಯನ್ನೇ ಆಗಬೇಕೆಂದಿಲ್ಲ. ಆದರೆ ನಾರ್ಮಲ್‌ಗೆ ಪ್ರಯತ್ನಿಸುವುದಾದರೆ ಆಪರೇಷನ್ ಥಿಯೇಟರು, ರಕ್ತ ಸಿದ್ಧ ಇರುವ ಕಡೆಯೇ ಆಗಬೇಕು. ಅವಳಿ, ಬಿಪಿ, ತೀವ್ರ ರಕ್ತಹೀನತೆ ಇದ್ದರೆ ರಿಮ್ಸ್, ಕಿಮ್ಸ್, ವಿಮ್ಸ್‌ನಂಥ ಜಾಗ. ದಿನ ತುಂಬುವ ಮೊದಲೇ ಆ ಪಟ್ಟಣದಲ್ಲಿ ಬೀಗರ ಮನೆಯಲ್ಲಾದರೂ ಹೋಗಿ ಇರಿ.

ಎಲ್ಲಿಗೆ ಅಂತ ಎಂಟನೇ ತಿಂಗಳೊಳಗೆ ಗಟ್ಟಿ ಮಾಡಿ, ಎರಡನೇ ಆಸ್ಪತ್ರೆಯ ಹೆಸರನ್ನೂ ಬರೆದಿಡಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ರಕ್ತದ ಗುಂಪು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಂದೇ ಚೀಲದಲ್ಲಿರಲಿ. ರಕ್ತ ಕೊಡಬಲ್ಲ ಇಬ್ಬರಿಗೆ ಮೊದಲೇ ಹೇಳಿಡಿ. 108 ತಡವಾದರೆ ಯಾರ ಗಾಡಿ ಅಂತ ಗೊತ್ತಿರಲಿ. ನೀರು ಹೋದರೆ, ರಕ್ತ ಕಂಡರೆ, ಕಣ್ಣು ಮಂಜಾಗಿ ತಲೆ ಸಿಡಿದರೆ, ಮಗುವಿನ ಓಡಾಟ ಕಡಿಮೆಯಾದರೆ ಬ್ಯಾನಿಗಾಗಿ ಕಾಯಬೇಡಿ, ಹೊರಡಿ. ಒಳಗೆ ಯಾರು ಜೊತೆಗಿರಬೇಕು ಅಂತ ಅವಳನ್ನೇ ಕೇಳಿ. ಕೆಲವರಿಗೆ ಅವ್ವ ಬೇಕು, ಕೆಲವರಿಗೆ ಅಕ್ಕ, ಕೆಲವರಿಗೆ ಅತ್ತೆಯೇ ಧೈರ್ಯ. ಅವಳು ಹೇಳಿದವರೇ ಹೋಗಲಿ.